ಜಮಖಾನದ ಕೆಳಗಿನ ಕಡತಗಳು

2009ರಲ್ಲಿ ಅವನು ಗದಗಿನ ಆ ಪ್ರೆಸ್ಸಿಗೆ ಸೇರಿದಾಗ, ಮೇಲಿನ ಡಿಟಿಪಿ ಕೋಣೆಗೂ ಕೆಳಗಿನ ಪ್ರೂಫ್ ಕೋಣೆಗೂ ನಡುವೆ ಇದ್ದ ನೆಟ್‌ವರ್ಕ್ ಎಂದರೆ ಹದಿನಾಲ್ಕು ಮೆಟ್ಟಿಲು ಮತ್ತು ಒಂದು ಪೆನ್‌ಡ್ರೈವ್. ದಿನಕ್ಕೆ ಇಪ್ಪತ್ತು ಸಲವಾದರೂ ಯಾರೋ ಒಬ್ಬರು ಅದನ್ನು ಹಿಡಿದು ಹತ್ತಿ ಇಳಿಯುತ್ತಿದ್ದರು. ಒಂದೇ ಪುಸ್ತಕದ ಕಡತ ಮೂರು ಕಂಪ್ಯೂಟರುಗಳಲ್ಲಿ ಮೂರು ರೂಪದಲ್ಲಿರುತ್ತಿತ್ತು. ಒಂದಕ್ಕೆ ‘ಕೊನೇದು’ ಎಂದು ಹೆಸರು, ಇನ್ನೊಂದಕ್ಕೆ ‘ಕೊನೇದು 2’, ಮತ್ತೊಂದಕ್ಕೆ ‘ಖರೇ ಕೊನೇದು’. ಯಾವುದನ್ನು ಪ್ಲೇಟಿಗೆ ಕಳಿಸಬೇಕೆಂದು ಡಿಟಿಪಿ ಮಾಡುವ ಅಕ್ಕ ಮೇಲಿನಿಂದ ಕೂಗಿ ಕೇಳಬೇಕು, ಆಫ್‌ಸೆಟ್ ಮಷಿನ್ನಿನ ಸದ್ದಿನಲ್ಲಿ ಕೆಳಗಿನವರಿಗೆ ಅರ್ಧ ಮಾತು ಕೇಳಬೇಕು. ಒಮ್ಮೆ ಹದಿನಾರು ಪುಟದ ಒಂದು ಇಡೀ ಫಾರಂ ಹಳೆಯ ಕಡತದಿಂದಲೇ ಅಚ್ಚಾಗಿ ಹೋಯಿತು. ಮಾಲಕರು ಆ ಕಾಗದದ ರಾಶಿಯನ್ನು ತೋರಿಸಿ ಅವನಿಗೆ ಹೇಳಿದ್ದು ಒಂದೇ ಮಾತು: “ಎಲ್ಲಾರೂ ಒಂದ ಕಡತ ನೋಡೂಹಂಗ ಮಾಡು.”

ಗದಗನ್ನು ಮುದ್ರಣ ಕಾಶಿ ಎನ್ನುತ್ತಾರೆ. ಪಠ್ಯಪುಸ್ತಕ, ಗೈಡು, ಕ್ಯಾಲೆಂಡರ್, ಲಗ್ನಪತ್ರಿಕೆ, ಪುರಾಣ, ನಾಟಕ ಎಲ್ಲವೂ ಅಲ್ಲಿ ಅಚ್ಚಾಗುತ್ತವೆ. ಅಂಥ ಊರಿನ ನಡುಗಾತ್ರದ ಪ್ರೆಸ್ಸಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳಲೆಂದು ಬೇರೆ ಆಳು ಇರುವುದಿಲ್ಲ. ಡಿಪ್ಲೊಮಾ ಮುಗಿಸಿ ಬಂದಿದ್ದ ಅವನಿಗೆ ಬಿಲ್ ಬರೆಯುವುದು, ಪ್ರಿಂಟರಿಗೆ ಟೋನರ್ ತುಂಬುವುದು, ವೈರಸ್ ತೆಗೆಯುವುದು ಎಲ್ಲವೂ ಒಂದೇ ಸಂಬಳದ ಕೆಲಸ.

ಮೇಲಿನ ಎರಡು ಕಂಪ್ಯೂಟರುಗಳಲ್ಲಿ ವಿಂಡೋಸ್ ಇತ್ತು, ಏಕೆಂದರೆ ಪುಟ ಕಟ್ಟುವ ಪೇಜ್‌ಮೇಕರ್ ಅಲ್ಲೇ ನಡೆಯಬೇಕು. ಪೇಜ್‌ಮೇಕರಿಗೆ ಯೂನಿಕೋಡ್ ಕನ್ನಡ ಗೊತ್ತಿಲ್ಲ, ಅದಕ್ಕೆ ‘ನುಡಿ’ ತಂತ್ರಾಂಶದ ಹಳೆಯ ಫಾಂಟುಗಳೇ ಆಗಬೇಕು. ಕೆಳಗಿನ ಪ್ರೂಫ್ ಕೋಣೆಯ ಕಂಪ್ಯೂಟರಿಗೆ ಅವನು ಉಬುಂಟು ಲಿನಕ್ಸ್ ಹಾಕಿದ್ದ. ಅಲ್ಲಿ ಓಪನ್‌ಆಫೀಸಿನಲ್ಲಿ ಯೂನಿಕೋಡ್ ಪಠ್ಯ ತಿದ್ದಿ ಮುಗಿದ ಮೇಲೆ, ಮೇಲಿನವರು ಅದನ್ನು ನುಡಿಗೆ ಪರಿವರ್ತಿಸಿ ಪುಟ ಕಟ್ಟುತ್ತಿದ್ದರು. ಮೂಲೆ ಸೇರಿದ್ದ ಒಂದು ಹಳೆಯ ಪೆಂಟಿಯಂ 4 ಯಂತ್ರಕ್ಕೆ 160 ಜಿಬಿ ಹಾರ್ಡ್‌ಡಿಸ್ಕ್ ಹಾಕಿ, ಡೆಬಿಯನ್ ಲಿನಕ್ಸ್ ಮತ್ತು ಕಡತ ಹಂಚುವ ಸಾಂಬಾ ಅಳವಡಿಸಿ ಅದನ್ನು ಸರ್ವರ್, ಅಂದರೆ ಎಲ್ಲರ ಕಪಾಟನ್ನಾಗಿ ಮಾಡಿದ. ಎಂಟು ತೂತಿನ ಒಂದು ಸ್ವಿಚ್, ಮೆಟ್ಟಿಲ ಗೋಡೆಗುಂಟ ಮೊಳೆ ಹೊಡೆದು ಎಳೆದ ಕೇಬಲ್. ಅಷ್ಟರಲ್ಲಿ ಪೆನ್‌ಡ್ರೈವಿಗೆ ಬಿಡುವಾಯಿತು.

ಸಾಂಬಾ ಎಂಬ ಹೆಸರಿಗೆ ಅಡುಗೆಮನೆಯ ಸಾಂಬಾರಿನ ನಂಟಿರಬಹುದೆಂದು ಅಕ್ಕ ಎಣಿಸಿದ್ದರು. ಅದರ ಕತೆ ಬೇರೆ. 1991ರ ಕೊನೆಯಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಆಂಡ್ರ್ಯೂ ಟ್ರಿಜೆಲ್ ಎಂಬ ಸಂಶೋಧನಾ ವಿದ್ಯಾರ್ಥಿ, ತನ್ನ ಡಾಸ್ ಕಂಪ್ಯೂಟರಿಗೆ ಯುನಿಕ್ಸ್ ಯಂತ್ರದ ಡಿಸ್ಕ್ ಕಾಣಬೇಕೆಂದು, ವೈರಿನಲ್ಲಿ ಹರಿಯುವ ಮಾಹಿತಿಯನ್ನೇ ನೋಡಿ ನೋಡಿ ಎರಡು ಯಂತ್ರಗಳ ಮಾತುಕತೆಯ ರೀತಿಯನ್ನು ಅರಿತುಕೊಂಡ. ಆ ಮಾತುಕತೆಯ ಹೆಸರು ಎಸ್‌ಎಂಬಿ, ಅದು ಐಬಿಎಂನಲ್ಲಿ 1980ರ ದಶಕದಲ್ಲಿ ಹುಟ್ಟಿದ್ದು. ತನ್ನ ತಂತ್ರಾಂಶಕ್ಕೆ ಮೊದಲಿಟ್ಟ ಹೆಸರು ಇನ್ನೊಂದು ಕಂಪನಿಯದೆಂದು ತಿಳಿದಾಗ, ಎಸ್, ಎಂ, ಬಿ ಅಕ್ಷರಗಳು ಅದೇ ಸರದಿಯಲ್ಲಿ ಬರುವ ಪದ ಹುಡುಕಲು ಟ್ರಿಜೆಲ್ ಯಂತ್ರದಲ್ಲಿದ್ದ ಪದಪಟ್ಟಿಯನ್ನು ಜಾಲಾಡಿದ. ಸಾಲ್ಮನ್‌ಬೆರಿ, ಸಾಂಬಾ, ಸ್ಕ್ರ್ಯಾಂಬಲ್ ಇತ್ಯಾದಿ ಸಿಕ್ಕವು. ಸಾಂಬಾ ಉಳಿಯಿತು. ಒಬ್ಬ ವಿದ್ಯಾರ್ಥಿಯ ಹಟ ಗದಗಿನ ಒಂದು ಪ್ರೆಸ್ಸಿನ ಮೆಟ್ಟಿಲು ಹತ್ತುವ ಶ್ರಮವನ್ನು ಕಳೆಯಿತೆಂಬುದನ್ನು ಅವನು ಆಗಲೂ ದೊಡ್ಡ ಸಂಗತಿಯೆಂದೇ ನಂಬಿದ್ದ, ಈಗಲೂ ನಂಬುತ್ತಾನೆ.

ಪ್ರೂಫ್ ಕೋಣೆಯಲ್ಲಿ ಕೂರುತ್ತಿದ್ದವರು ನಿವೃತ್ತ ಕನ್ನಡ ಮಾಸ್ತರರು. ವಯಸ್ಸು ಎಪ್ಪತ್ತರ ಹತ್ತಿರ. ಅಲ್ಪಪ್ರಾಣ ಮಹಾಪ್ರಾಣದ ತಪ್ಪು ಎಷ್ಟು ದೂರದಿಂದ ಹಾದುಹೋದರೂ ಅವರ ಕಣ್ಣಿಗೆ ಬೀಳುತ್ತಿತ್ತು. ಅರವತ್ತು ದಾಟಿದ ಮೇಲೆ ಕೀಬೋರ್ಡ್ ಕಲಿತವರು. ಕಾಗದದ ಪ್ರೂಫ್ ಬಿಟ್ಟು ನೇರ ಪರದೆಯ ಮೇಲೆಯೇ ತಿದ್ದುತ್ತಿದ್ದರು. ಅವರ ಪಾಲಿಗೆ ಕಪಾಟು ಬೆಳಿಗ್ಗೆ ತಾನಾಗಿ ತೆರೆದಿರಬೇಕು. ಮೆನುವಿಗೆ ಹೋಗಿ, ಸರ್ವರಿನ ವಿಳಾಸ ಬರೆದು, ಗುಪ್ತಪದ ಕೊಟ್ಟು ಜೋಡಿಸಿಕೊಳ್ಳಿ ಎಂದು ದಿನವೂ ಅವರಿಗೆ ಹೇಳುವುದು ಅವನಿಗೆ ಸರಿ ಕಾಣಲಿಲ್ಲ.

ಹಾಗಾಗಿ ಕಂಪ್ಯೂಟರ್ ಶುರುವಾದಾಗಲೇ ಸರ್ವರಿನ ಫೋಲ್ಡರ್ ತಾನಾಗಿ ಮೌಂಟ್ ಆಗುವಂತೆ ಮಾಡಲು ಹೊರಟ. ಮೌಂಟ್ ಎಂಬ ಮಾತು ಬಂದದ್ದು, ಟೇಪಿನ ಸುರುಳಿಗಳನ್ನೂ ಡಿಸ್ಕಿನ ಕಟ್ಟುಗಳನ್ನೂ ಕೈಯಾರೆ ಯಂತ್ರಕ್ಕೆ ಏರಿಸುತ್ತಿದ್ದ ಕಾಲದಿಂದ. ಪ್ರೆಸ್ಸಿನವರಿಗೆ ಅದನ್ನು ತಿಳಿಸುವುದು ಕಷ್ಟವಾಗಲಿಲ್ಲ. ಸಿಲಿಂಡರಿಗೆ ಪ್ಲೇಟ್ ಕಟ್ಟಿದ ಹಾಗೆ ಎಂದರೆ ಮಷಿನ್‌ಮನ್ ತಲೆಯಾಡಿಸಿದ.

ಲಿನಕ್ಸಿನಲ್ಲಿ ಇದಕ್ಕೆ ಎಫ್‌ಎಸ್‌ಟ್ಯಾಬ್ ಎಂಬ ಪುಟ್ಟ ಕಡತವಿದೆ. ಯಾವ ಸರ್ವರಿನ ಯಾವ ಫೋಲ್ಡರನ್ನು ಇಲ್ಲಿನ ಯಾವ ಜಾಗಕ್ಕೆ, ಯಾವ ರೀತಿಯಲ್ಲಿ ಕಟ್ಟಬೇಕೆಂದು ಅದರಲ್ಲಿ ಒಂದು ಸಾಲು ಬರೆದರೆ ಸಾಕು. ಆ ಒಂದು ಸಾಲಿಗೆ ಅವನಿಗೆ ಒಂದು ವಾರ ಹಿಡಿಯಿತು. ಮೊದಲು ಗುಪ್ತಪದವನ್ನು ಆ ಸಾಲಿನಲ್ಲೇ ಬರೆದಿದ್ದ. ಎಫ್‌ಎಸ್‌ಟ್ಯಾಬನ್ನು ಯಾರು ಬೇಕಾದರೂ ತೆರೆದು ಓದಬಹುದೆಂದು ಗೊತ್ತಾದ ಮೇಲೆ ಅದನ್ನು ಬೇರೆ ಕಡತಕ್ಕೆ ಹಾಕಿ, ಯಂತ್ರದ ಯಜಮಾನ ಖಾತೆಯಾದ ರೂಟ್ ಒಂದೇ ಓದುವಂತೆ ಬೀಗ ಹಾಕಿದ. ‘ಅಧ್ಯಾಯ 3’ ಎಂದು ಕನ್ನಡದಲ್ಲಿ ಹೆಸರಿಟ್ಟ ಕಡತಗಳು ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ಕಂಡವು. ಅಕ್ಷರಗಳನ್ನು ಯುಟಿಎಫ್-8ರಲ್ಲಿ ಓದು ಎಂದು ಸಾಲಿಗೆ ಸೇರಿಸಿದಾಗ ಸರಿಹೋಯಿತು.

ಆಮೇಲೆ ಅನುಮತಿಯ ತಕರಾರು. ಯಂತ್ರ ಶುರುವಾಗುವಾಗ ಮೌಂಟ್ ಮಾಡುವವನು ರೂಟ್, ಆದ್ದರಿಂದ ಒಳಗಿನ ಕಡತಗಳೆಲ್ಲ ರೂಟಿನವೆಂದೇ ಕಾಣುತ್ತಿದ್ದವು. ಮಾಸ್ತರರಿಗೆ ಓದಲು ಬರುತ್ತದೆ, ತಿದ್ದಿ ಉಳಿಸಲು ಬರುವುದಿಲ್ಲ. ಅವನು ಎರಡು ದಿನ ಕೈಗೆ ಸಿಕ್ಕಿದ್ದನ್ನೆಲ್ಲ ಮಾಡಿ ನೋಡಿದ. ಸರ್ವರಿನ ಫೋಲ್ಡರ್ ಬಂದು ಕೂರುವ ಸ್ಥಳೀಯ ಫೋಲ್ಡರಿಗೆ, ಎಲ್ಲರೂ ಬರೆಯಬಹುದು ಎಂಬ 777 ಅನುಮತಿಯನ್ನೂ ಕೊಟ್ಟ. ಅದರಿಂದ ಏನೂ ಆಗಲಿಲ್ಲ. ಕೊನೆಗೆ, ಈ ಕಡತಗಳನ್ನು ಮಾಸ್ತರರ ಖಾತೆಯವೆಂದು ತಿಳಿ ಎಂದು ಅದೇ ಸಾಲಿನಲ್ಲಿ ಬರೆದಾಗ ತೊಡಕು ಬಿಟ್ಟಿತು. ಆ 777 ಮಾತ್ರ ಹಾಗೇ ಉಳಿಯಿತು. ಅದನ್ನು ಹಿಂದಕ್ಕೆ ತೆಗೆಯಬೇಕೆಂದು ಅವನಿಗೆ ಹೊಳೆಯಲೇ ಇಲ್ಲ.

ಸುಮಾರು ಒಂದು ವರ್ಷ ಎಲ್ಲವೂ ಸುಸೂತ್ರವಾಗಿ ನಡೆಯಿತು.

2010ರ ಮಳೆಗಾಲ. ಜನಪದ ಹಾಡುಗಳ ಒಂದು ಸಂಗ್ರಹ ಅಚ್ಚಿಗೆ ಸಿದ್ಧವಾಗುತ್ತಿತ್ತು. ಹಾಡಿದವರ ಉಚ್ಚಾರ ಕೆಡದಂತೆ, ಆದರೆ ಕೈತಪ್ಪುಗಳು ಉಳಿಯದಂತೆ ತಿದ್ದಬೇಕು. ‘ಐತಿ’ಯನ್ನು ‘ಇದೆ’ ಮಾಡಬಾರದು, ‘ಹೊಂಟಾಳ’ ಎಂದಿದ್ದದ್ದು ‘ಹೊಂಟಾಳು’ ಆಗಬಾರದು. ಮಾಸ್ತರರು ಮಾತ್ರ ಮಾಡಬಲ್ಲ ಕೆಲಸ. ಒಂದು ಮಧ್ಯಾಹ್ನ ನಾಲ್ಕರ ಸುಮಾರಿಗೆ ಕರೆಂಟ್ ಹೋಯಿತು. ಯುಪಿಎಸ್ಸಿನ ಬ್ಯಾಟರಿ ಎಂದೋ ಸತ್ತಿತ್ತು. ಐದಕ್ಕೆ ಕರೆಂಟ್ ಬಂದಾಗ ಎಲ್ಲ ಯಂತ್ರಗಳೂ ಒಟ್ಟಿಗೆ ಎದ್ದವು. ಮಾಸ್ತರರು ರಾತ್ರಿ ಎಂಟರವರೆಗೆ ಕೂತು ಮೂರು ಅಧ್ಯಾಯ ಮುಗಿಸಿ, ಯಂತ್ರ ಬಂದ್ ಮಾಡಿ ಮನೆಗೆ ಹೋದರು.

ಮರುದಿನ ಬೆಳಿಗ್ಗೆ ಕಡತ ತೆರೆದರೆ ಹಳೆಯ ತಪ್ಪುಗಳೆಲ್ಲ ಮರಳಿ ಬಂದು ಕೂತಿದ್ದವು. ಕಡತ ಕಳೆದಿರಲಿಲ್ಲ, ಅದು ಅಲ್ಲೇ ಇತ್ತು. ಆದರೆ ಹಿಂದಿನ ಸಂಜೆ ಕೂತು ತಿದ್ದಿದ ಒಂದು ಅಕ್ಷರವೂ ಅದರಲ್ಲಿರಲಿಲ್ಲ.

“ನಿನ್ನಿ ರಾತ್ರಿ ಸೇವ್ ಮಾಡೇನಿ ತಮ್ಮಾ. ಕಣ್ಣಾರೆ ನೋಡೇನಿ,” ಎಂದರು. ಒಂದು ಗಳಿಗೆ ಬಿಟ್ಟು, ದನಿ ತಗ್ಗಿಸಿ, “ಇಲ್ಲಾ ಮಾಡೇ ಇಲ್ಲೇನೋ. ಇತ್ತಿತ್ಲಾಗ ನನಗ ಮರವು ಭಾಳ ಆಗೇತಿ,” ಎಂದರು.

ಈ ಕೊನೆಯ ಮಾತು ಅವನನ್ನು ಇಂದಿಗೂ ಬಿಟ್ಟಿಲ್ಲ. ಹಸ್ತಪ್ರತಿಯ ನೂರು ಪುಟ ಬಾಯಿಪಾಠ ಇದ್ದ ಮನುಷ್ಯ, ಒಂದು ಯಂತ್ರ ತೋರಿಸಿದ್ದನ್ನು ನಂಬಿ ತನ್ನ ತಲೆಯನ್ನೇ ಅನುಮಾನಿಸಿಕೊಂಡಿದ್ದರು. ಆಮೇಲೆ ತಪ್ಪಿನ ಮೂಲ ಸಿಕ್ಕಿತು, ಕಡತವೂ ಸಿಕ್ಕಿತು. ಆ ಒಂದು ದಿನ ಅವರು ಅನುಭವಿಸಿದ ಅಳುಕನ್ನು ಮಾತ್ರ ಯಾರಿಗೂ ಹಿಂದಕ್ಕೆ ಪಡೆಯಲಾಗುವುದಿಲ್ಲ.

ಅಂದು ರಾತ್ರಿ ಅವನು ಪ್ರೆಸ್ಸಿನಲ್ಲೇ ಉಳಿದ. ಸರ್ವರಿನಲ್ಲಿ ಆ ಮೂರು ಕಡತಗಳು ಕೊನೆಗೆ ಬದಲಾದ ಹೊತ್ತು ಹಿಂದಿನ ಮಧ್ಯಾಹ್ನ 3:40. ಅದರ ಮೇಲೆ ಯಾರೂ ಅವನ್ನು ಮುಟ್ಟಿರಲಿಲ್ಲ. ಸಾಂಬಾ ಪ್ರತಿಯೊಂದು ಕಂಪ್ಯೂಟರಿಗೂ ಬೇರೆ ಬೇರೆ ದಿನಚರಿ ಬರೆದಿಡುತ್ತದೆ. ಪ್ರೂಫ್ ಕೋಣೆಯ ಯಂತ್ರದ ದಿನಚರಿಯಲ್ಲಿ ಕರೆಂಟ್ ಬಂದ ಮೇಲೆ ಆ ಸಂಜೆ ಒಂದು ಸಾಲೂ ಇರಲಿಲ್ಲ. ಅಂದರೆ ಸಂಜೆಯಿಡೀ ಆ ಯಂತ್ರ ಸರ್ವರಿನ ಕದ ತಟ್ಟಿ ಒಳಗೆ ಬಂದೇ ಇರಲಿಲ್ಲ. ಹಾಗಾದರೆ ಮಾಸ್ತರರು ಉಳಿಸಿದ್ದು ಎಲ್ಲಿಗೆ?

ಓಪನ್‌ಆಫೀಸ್ ಮುಚ್ಚಿ, ಮೌಂಟ್ ಬಿಚ್ಚಿದ. ಸರ್ವರಿನ ಫೋಲ್ಡರ್ ಸರಿದು, ಅದರಡಿಯ ಸ್ಥಳೀಯ ಫೋಲ್ಡರ್ ಬಯಲಾಯಿತು. ಖಾಲಿಯಿರಬೇಕಾದ ಆ ಜಾಗದಲ್ಲಿ ಮೂರು ಕಡತಗಳಿದ್ದವು. ಕೊನೆಯದನ್ನು ಉಳಿಸಿದ ಹೊತ್ತು ರಾತ್ರಿ 7:52.

ನಡೆದದ್ದು ಇಷ್ಟು. ಕರೆಂಟ್ ಬಂದಾಗ ಪ್ರೂಫ್ ಕೋಣೆಯ ಕಂಪ್ಯೂಟರ್ ಒಂದು ನಿಮಿಷದೊಳಗೆ ಎದ್ದು ಕೂತಿತು. ಸರ್ವರ್ ಹಳೆಯದು; ತಟ್ಟನೆ ಆರಿ ಹೋಗಿದ್ದರಿಂದ ತನ್ನ ಡಿಸ್ಕನ್ನು ತಾನೇ ಪರೀಕ್ಷಿಸುತ್ತ ಹೊತ್ತು ತೆಗೆದುಕೊಂಡಿತು. ಎಫ್‌ಎಸ್‌ಟ್ಯಾಬಿನ ಸಾಲು ಶುರುವಿನಲ್ಲಿ ಒಮ್ಮೆ ಸರ್ವರನ್ನು ಕರೆಯಿತು, ಉತ್ತರ ಬರಲಿಲ್ಲ, ಮತ್ತೆ ಕರೆಯಲಿಲ್ಲ. ಓಪನ್‌ಆಫೀಸ್ ಕರೆಂಟ್ ಹೋದಾಗ ತೆರೆದಿದ್ದ ಕಡತಗಳನ್ನು ತಾನಾಗಿ ಉಳಿಸಿಟ್ಟುಕೊಂಡ ನಕಲಿನಿಂದ ಎತ್ತಿಕೊಟ್ಟಿತು. ಮಾಸ್ತರರು ತಿದ್ದಿ ಉಳಿಸಿದಾಗ ಅವು ಹಳೆಯ ದಾರಿಯಲ್ಲೇ ಹೋಗಿ, ಸರ್ವರ್ ಬಂದು ಕೂರಬೇಕಿದ್ದ ಖಾಲಿ ಫೋಲ್ಡರಿನಲ್ಲಿ ಇಳಿದವು. ಅನುಮತಿ ಇಲ್ಲ ಎಂದು ತಡೆಯಬೇಕಾದ ಜಾಗ ಅದು. ಅವನ 777 ಅಲ್ಲಿ ಬಾಗಿಲು ತೆರೆದಿಟ್ಟಿತ್ತು. ಮರುದಿನ ಬೆಳಿಗ್ಗೆ ಸರ್ವರ್ ಎದ್ದೇ ಇತ್ತು, ಮೌಂಟ್ ಸಲೀಸಾಗಿ ಆಯಿತು, ಕೆಳಗಿದ್ದದ್ದನ್ನು ಮುಚ್ಚಿತು. ನವಲಗುಂದದ ದೊಡ್ಡ ಜಮಖಾನ ಹಾಸಿದರೆ ನೆಲದ ಮೇಲೆ ಬಿದ್ದ ಕಾಗದ ಕಾಣುತ್ತದೆಯೇ? ಇದೂ ಹಾಗೆಯೇ. ಕಾಗದ ಎಲ್ಲಿಗೂ ಹೋಗಿರುವುದಿಲ್ಲ, ಜಮಖಾನ ಎತ್ತುವವರೆಗೆ ಯಾರಿಗೂ ಸಿಗುವುದೂ ಇಲ್ಲ.

ಬೆಳಿಗ್ಗೆ ಎಂಟಕ್ಕೇ ಮಾಸ್ತರರ ಮನೆಗೆ ಹೋಗಿ “ಸಿಕ್ಕಾವ್ರೀ ಸರ, ನೀವು ಸೇವ್ ಮಾಡಿದ್ದು ಖರೇ ಐತ್ರಿ. ತಪ್ಪು ನಂದ್ರಿ,” ಎಂದ. ಅವರು ಚಹಾ ಕುಡಿಸಿದರು. ಜಮಖಾನದ ವಿವರಣೆಯನ್ನು ಪೂರ್ತಿ ಕೇಳಿಸಿಕೊಂಡು ಹೇಳಿದರು: “ಇಲ್ಲ ಅಂದ್ರ ಇಲ್ಲ ಅಂತ ಹೇಳಬೇಕಪಾ ಅದು. ಯಾರೂ ಇಲ್ಲದ ಮನಿ ಬಾಗಲಾ ತಗದಿಟ್ಟು, ಬರ್ರಿ ಕುಂದರ್ರಿ ಅನಬಾರದು.”

ಯಂತ್ರಗಳ ಬಗ್ಗೆ ಅವನು ಮುಂದೆ ಓದಿದ ಪುಸ್ತಕಗಳಲ್ಲಿ ಈ ವಿಷಯವನ್ನು ಇಷ್ಟು ಸ್ಪಷ್ಟವಾಗಿ ಹೇಳಿದ್ದು ಅವನಿಗೆ ಸಿಕ್ಕಿಲ್ಲ. ತಾನಾಗಿ ಮೌಂಟ್ ಆಗುವಂತೆ ಮಾಡುವುದೆಂದರೆ, ಸರ್ವರ್ ಇದ್ದಾಗ ಏನಾಗಬೇಕು ಎಂದು ಬರೆಯುವುದಷ್ಟೇ ಎಂದು ಅಲ್ಲಿಯವರೆಗೆ ತಿಳಿದಿದ್ದ. ಸರ್ವರ್ ಇಲ್ಲದಾಗ ಏನಾಗಬೇಕು ಎಂಬುದೇ ಅಸಲು ಕೆಲಸ.

ಅದಕ್ಕೆ ಪರಿಹಾರ ಅವನು ಹುಟ್ಟುವ ಹೊತ್ತಿಗೇ ಇತ್ತು. ಸನ್ ಮೈಕ್ರೋಸಿಸ್ಟಮ್ಸ್ 1980ರ ದಶಕದ ನಡುವೆ ಎನ್‌ಎಫ್‌ಎಸ್ ತಂದಾಗ ಒಂದು ಯಂತ್ರದ ಡಿಸ್ಕನ್ನು ಇನ್ನೊಂದು ಯಂತ್ರ ತನ್ನದೇ ಎಂಬಂತೆ ಬಳಸುವುದು ಸುಲಭವಾಯಿತು. ಸುಲಭವಾದದ್ದೇ ತಡ, ವಿಶ್ವವಿದ್ಯಾಲಯಗಳಲ್ಲೂ ಕಂಪನಿಗಳಲ್ಲೂ ನೂರಾರು ಯಂತ್ರಗಳು ಒಂದಕ್ಕೊಂದು ಕಟ್ಟಿಕೊಂಡವು. ಒಂದು ಸರ್ವರ್ ಮಲಗಿದರೆ ಅದಕ್ಕೆ ಕಟ್ಟಿಕೊಂಡವೆಲ್ಲ ಕಾಯುತ್ತ ನಿಲ್ಲುತ್ತಿದ್ದವು. 1988ರ ಸನ್‌ಒಎಸ್ 4.0ರಲ್ಲಿ ಆಟೋಮೌಂಟರ್ ಬಂತು. ಅದರ ಉಪಾಯ ಸರಳ: ಶುರುವಿನಲ್ಲೇ ಎಲ್ಲವನ್ನೂ ಕಟ್ಟಬೇಡ, ಯಾರಾದರೂ ಆ ಫೋಲ್ಡರಿನ ಹೆಸರು ಹೇಳಿ ಒಳಗೆ ಕಾಲಿಟ್ಟಾಗ ಕಟ್ಟು, ಕೆಲಹೊತ್ತು ಯಾರೂ ಮುಟ್ಟದಿದ್ದರೆ ಬಿಚ್ಚು. ಲಿನಕ್ಸಿಗೆ ಅದೇ ಕೆಲಸ ಮಾಡುವ ಆಟೋಎಫ್‌ಎಸ್ 1990ರ ದಶಕದಲ್ಲೇ ಬಂದಿತ್ತು.

ಅವನು ಎಫ್‌ಎಸ್‌ಟ್ಯಾಬಿನ ಸಾಲನ್ನು ಅಳಿಸಿ ಆಟೋಎಫ್‌ಎಸ್ ಹಾಕಿದ. ಈಗ ಕರೆಂಟ್ ಬಂದಾಗ ಯಾವ ಯಂತ್ರ ಮೊದಲು ಎದ್ದರೂ ಚಿಂತೆಯಿಲ್ಲ. ಮಾಸ್ತರರು ಕಡತ ಕೇಳಿದ ಕ್ಷಣದಲ್ಲಿ ಯಂತ್ರ ಸರ್ವರನ್ನು ಕೇಳುತ್ತದೆ. ಸಿಕ್ಕರೆ ತೆರೆಯುತ್ತದೆ. ಸಿಗದಿದ್ದರೆ ಇಂಥ ಫೋಲ್ಡರ್ ಇಲ್ಲ ಎಂದು ನೇರವಾಗಿ ಹೇಳುತ್ತದೆ, ಅಲ್ಲಿ ಏನನ್ನೂ ಉಳಿಸಗೊಡುವುದಿಲ್ಲ. ಐದು ನಿಮಿಷ ಬಿಟ್ಟು ಮತ್ತೆ ಕೇಳಿದರೆ ಮತ್ತೆ ಪ್ರಯತ್ನಿಸುತ್ತದೆ. 300 ಸೆಕೆಂಡು ಯಾರೂ ಮುಟ್ಟದಿದ್ದರೆ ತಾನೇ ಬಿಚ್ಚಿಕೊಳ್ಳುತ್ತದೆ.

ಇದರಲ್ಲೂ ಒಂದು ಸೂಕ್ಷ್ಮವಿತ್ತು. ಆಟೋಎಫ್‌ಎಸ್ ಕಾಯುವ ಜಾಗವನ್ನು ತೆರೆದು ನೋಡಿದರೆ ಅಲ್ಲಿ ಯಾವ ಹೆಸರೂ ಕಾಣುವುದಿಲ್ಲ, ಏಕೆಂದರೆ ಕೇಳದ ಹೊರತು ಅದು ಕಟ್ಟುವುದೇ ಇಲ್ಲ. ಮಾಸ್ತರರು ಮೊದಲ ದಿನ ಇಣುಕಿ “ಏನೂ ಕಾಣವಲ್ದು” ಎಂದರು. ಪರದೆಯ ಮೇಲೆ ‘ಪುಸ್ತಕ’ ಎಂಬ ಒಂದು ಕೊಂಡಿ ಮಾಡಿಕೊಟ್ಟ. ಅದನ್ನು ಒತ್ತಿದರೆ ಹೆಸರು ಕೇಳಿದಂತಾಗಿ ಫೋಲ್ಡರ್ ತೆರೆಯುತ್ತಿತ್ತು.

ನಡುವೆ ಒಮ್ಮೆ ಸಾಂಬಾ ಬಿಟ್ಟು ಎನ್‌ಎಫ್‌ಎಸ್ ಬಳಸಿಯೂ ನೋಡಿದ. ವೇಗ ಚೆನ್ನಾಗಿತ್ತು. ಆದರೆ ಎನ್‌ಎಫ್‌ಎಸ್‌ನ ಹುಟ್ಟುಗುಣ ಹಟದ್ದು: ಸರ್ವರ್ ಮರಳುವವರೆಗೆ ಕಾಯುತ್ತಲೇ ಇರುತ್ತದೆ. ಸರ್ವರ್ ಆರಿದಾಗ ಫೋಲ್ಡರ್ ಪಟ್ಟಿ ಕೇಳಿದ ಆದೇಶವೂ ನಿಂತಿತು, ಡಿಸ್ಕಿನಲ್ಲಿ ಎಷ್ಟು ಜಾಗವಿದೆ ಎಂದು ಕೇಳಿದ ಆದೇಶವೂ ನಿಂತಿತು, ಯಂತ್ರ ಬಂದ್ ಕೂಡ ಆಗಲಿಲ್ಲ. ಬೇಗ ಕೈಬಿಡುವ ಮೆದು ರೀತಿಯೂ ಅದರಲ್ಲಿದೆ, ಆದರೆ ಬರೆಯುವ ನಡುವೆ ಕೈಬಿಟ್ಟರೆ ಕಡತ ಅರೆಬರೆಯಾಗುವ ಭಯ. ದತ್ತಾಂಶ ಉಳಿಯಬೇಕಾದ ದೊಡ್ಡ ಕಡೆಗಳಿಗೆ ಆ ಹಟ ಬೇಕು. ದಿನಕ್ಕೆರಡು ಸಲ ಕರೆಂಟ್ ಹೋಗುವ ಪ್ರೆಸ್ಸಿಗೆ ಅದು ಒಗ್ಗಲಿಲ್ಲ.

2013ರಲ್ಲಿ ಅವನು ಬೆಂಗಳೂರಿಗೆ ಹೋದ. ಪ್ರೆಸ್ಸಿನ ನಂಟು ಬಿಡಲಿಲ್ಲ; ದೀಪಾವಳಿಗೋ ಜಾತ್ರೆಗೋ ಊರಿಗೆ ಬಂದಾಗ ಒಂದು ದಿನ ಅಲ್ಲಿ ಕೂರುತ್ತಿದ್ದ. 2016ರಲ್ಲಿ ಉಬುಂಟು ಹೊಸದಾದಾಗ, ಯಂತ್ರ ಶುರುವಾಗುವಾಗಿನ ಕೆಲಸಗಳನ್ನು ನಡೆಸುವ ಸಿಸ್ಟಮ್‌ಡಿ ಜೊತೆಗೇ ಬಂತು. ಎಫ್‌ಎಸ್‌ಟ್ಯಾಬಿನ ಸಾಲಿಗೇ ‘ಎಕ್ಸ್-ಸಿಸ್ಟಮ್‌ಡಿ.ಆಟೋಮೌಂಟ್’ ಎಂದು ಸೇರಿಸಿದರೆ ಕೇಳಿದಾಗ ಕಟ್ಟುವ ಕೆಲಸ ಆಗುತ್ತದೆ, ಬೇರೆ ತಂತ್ರಾಂಶ ಬೇಡ. ಅವನು ಮತ್ತೆ ಎಫ್‌ಎಸ್‌ಟ್ಯಾಬಿಗೆ ಮರಳಿದ್ದು ಹೀಗೆ. ಈ ರೀತಿಯಲ್ಲೂ ಸರ್ವರ್ ಸಿಗದಿದ್ದರೆ ದೋಷ ತೋರಿಸುತ್ತದೆಯೇ ಹೊರತು ಕೆಳಗಿನ ಖಾಲಿ ಫೋಲ್ಡರನ್ನು ತೆರೆದು ಕೊಡುವುದಿಲ್ಲ. ಅವನಿಗೆ ಬೇಕಾದದ್ದು ಅದೊಂದೇ.

2018ರಲ್ಲಿ ಇನ್ನೊಮ್ಮೆ ಕರೆ ಬಂತು. ಪ್ರೂಫ್ ಕೋಣೆಯ ಯಂತ್ರವನ್ನು ಹೊಸ ಆವೃತ್ತಿಗೆ ಏರಿಸಿದ್ದರು. ಫೋಲ್ಡರ್ ತೆರೆಯಲು ಹೋದರೆ ಸರ್ವರ್ ಬಿದ್ದಿದೆ ಎಂಬ 112ನೇ ದೋಷ. ಸರ್ವರ್ ಬಿದ್ದಿರಲಿಲ್ಲ, ಪಿಂಗ್ ಮಾಡಿದರೆ ಉತ್ತರಿಸುತ್ತಿತ್ತು. ಕಾರಣ ಒಂದು ವರ್ಷ ಹಿಂದಿನದು. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ಕುತಂತ್ರಾಂಶ ಜಗತ್ತಿನ ಲಕ್ಷಾಂತರ ಕಂಪ್ಯೂಟರುಗಳ ಕಡತಗಳಿಗೆ ಬೀಗ ಜಡಿದು ಹಣ ಕೇಳಿತ್ತು, ಅದು ಹರಡಿದ್ದು ಎಸ್‌ಎಂಬಿಯ ಮೊದಲ ಆವೃತ್ತಿಯಲ್ಲಿದ್ದ ಒಂದು ಬಿರುಕಿನ ಮೂಲಕ. ಅದೇ ವರ್ಷ ಲಿನಕ್ಸ್ ಕರ್ನೆಲಿನ 4.13ನೇ ಆವೃತ್ತಿಯಿಂದ ಆ ಹಳೆಯ ಮಾತುಕತೆಯನ್ನು ತಾನಾಗಿ ಬಳಸುವುದು ನಿಂತಿತು. ಪ್ರೆಸ್ಸಿನ ಸರ್ವರಿಗೆ ಗೊತ್ತಿದ್ದದ್ದು ಆ ಹಳೆಯದೊಂದೇ. ಸಾಲಿನಲ್ಲಿ ‘ಆವೃತ್ತಿ 1’ ಎಂದು ಬರೆದರೆ ಎರಡು ನಿಮಿಷದಲ್ಲಿ ಕೆಲಸ ಮುಗಿಯುತ್ತಿತ್ತು. ಬರೆಯಲಿಲ್ಲ. ಒಂದು ಭಾನುವಾರ ಬಂದು ಸರ್ವರನ್ನೇ ಹೊಸದು ಮಾಡಿದ, ಎಲ್ಲ ಕಡತಗಳ ಪ್ರತಿ ತೆಗೆದು ಹೊಸ ಡಿಸ್ಕಿಗೆ ಹಾಕಿದ.

ಜನಪದ ಹಾಡುಗಳ ಆ ಪುಸ್ತಕ 2010ರ ಕೊನೆಯಲ್ಲೇ ಅಚ್ಚಾಗಿ ಬಂದಿತ್ತು. ಅದರಲ್ಲಿ ‘ಹೊಂಟಾಳ’ ಎಂಬುದು ‘ಹೊಂಟಾಳ’ ಎಂದೇ ಇದೆ. ಮಾಸ್ತರರು ಒಂದು ಪ್ರತಿಯ ಮೊದಲ ಪುಟದಲ್ಲಿ ತಮ್ಮ ಗುಂಡನೆಯ ಅಕ್ಷರದಲ್ಲಿ ದಿನಾಂಕ ಬರೆದು ಅವನಿಗೆ ಕೊಟ್ಟರು; ಕೆಳಗೆ 7:52 ಎಂದೂ ಬರೆದಿದ್ದರು.

ನಿಮ್ಮ ಮನೆಯಲ್ಲೋ ಕಚೇರಿಯಲ್ಲೋ ಹೀಗೆ ತಾನಾಗಿ ಮೌಂಟ್ ಆಗುವ ಫೋಲ್ಡರ್ ಇದ್ದರೆ, ಇವತ್ತೇ ಅದನ್ನು ಒಮ್ಮೆ ಬಿಚ್ಚಿ ಕೆಳಗೆ ಏನಾದರೂ ಬಿದ್ದಿದೆಯೇ ನೋಡಿ. ಆ ಖಾಲಿ ಫೋಲ್ಡರ್ ರೂಟಿನ ಹೆಸರಿನಲ್ಲಿರಲಿ, ಬೇರೆ ಯಾರಿಗೂ ಬರೆಯುವ ಅನುಮತಿ ಬೇಡ. ಆಮೇಲೆ ಸರ್ವರಿನ ಕೇಬಲ್ ಕಿತ್ತು, ಕಂಪ್ಯೂಟರನ್ನು ಮತ್ತೆ ಶುರು ಮಾಡಿ, ಆ ಫೋಲ್ಡರಿನಲ್ಲಿ ಒಂದು ಕಡತ ಉಳಿಸಲು ಹೋಗಿ. ಆಗುವುದಿಲ್ಲ ಎಂದು ಯಂತ್ರ ಹೇಳಿದ ಮೇಲೆ ಕೇಬಲ್ ಸಿಕ್ಕಿಸಿ.